ಕಡಲು ನುಂಗಿದ ಪುಹಾರ್

ಕೊಡಗಿನಲ್ಲಿ ಹುಟ್ಟುವ ಕಾವೇರಿಯು ಬಂಗಾಳ ಕೊಲ್ಲಿಯನ್ನು ಸೇರುವೆಡೆಯಲ್ಲಿ ಪುಹಾರ್ ಅಥವಾ ಕಾವೇರಿಪೂಂಪಟ್ಟಿನಂ ಎಂಬ ಚೋಳರ ಬಂದರು ಇದ್ದಿತು. ಕ್ರಿಸ್ತಶಕದ ಆದಿ ಶತಮಾನಗಳಲ್ಲಿ ಅಲ್ಲಿ ಯವನ ವರ್ತಕರೂ ನೆಲಸಿದ್ದರು. ಇಂದ್ರೋತ್ಸವವನ್ನು ದೊರೆಯು ಮರೆತುದರಿಂದ ಕಡಲು ಉಕ್ಕಿ ನಗರವನ್ನು ನುಂಗಿತೆಂದು ಬೌದ್ಧ ಕಾವ್ಯವಾದ ‘ಮಣಿಮೇಖಲೈ’ ಹೇಳುತ್ತದೆ. ಸಮೀಪದ ಕೀಳೈಯೂರಿನ ಉತ್ಖನನದಲ್ಲಿ ಇಟ್ಟಿಗೆಯ ಹಡಗುಕಟ್ಟೆ ಬೆಳಕಿಗೆ ಬಂದಿತು. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಶೋಧಕರಿಗೆ ಅಲೆಗಳ ಅಂಚಿನಲ್ಲಿ ಸುಟ್ಟ ಮಣ್ಣಿನ ಬಳೆಗಳನ್ನು ಜೋಡಿಸಿ ಕಟ್ಟಿದ ಬಾವಿಗಳೂ ಇಟ್ಟಿಗೆಯ ಕಟ್ಟಡಗಳ ಅವಶೇಷಗಳೂ ದೊರೆತವು.

ಜೈನರಿಗೆ ಈ ನಗರವು ಮತ್ತೊಂದು ಕಾರಣದಿಂದ ಸ್ಮರಣೀಯ. ಜೈನ ಮುನಿಯೆಂದು ಪರಂಪರೆ ಹೇಳುವ ಇಳಂಗೋ ಅಡಿಗಳ ‘ಶಿಲಪ್ಪದಿಕಾರಂ’ ಕಾವ್ಯದಲ್ಲಿ, ಸಿರಿಯನ್ನೆಲ್ಲ ಕಳೆದುಕೊಂಡ ವಣಿಕಪುತ್ರ ಕೋವಲನು ಪತ್ನಿ ಕಣ್ಣಗಿಯೊಡನೆ ಪುಹಾರನ್ನು ತೊರೆದು ಮಧುರೆಗೆ ಹೊರಡುತ್ತಾನೆ. ಅವರೊಡನೆ ಕವುಂದಿ ಎಂಬ ಆರ್ಯಿಕೆಯೂ ನಡೆಯುತ್ತಾಳೆ. ಗದ್ದೆಯ ದಾರಿಯಲ್ಲಿ ಏಡಿ, ಬಸವನಹುಳುಗಳು ಕಾಲಡಿಗೆ ಸಿಕ್ಕಿ ನೊಂದಾವೆಂದು ಆಕೆ ಎಚ್ಚರಿಸುತ್ತಾಳೆ. ನಾವು ಈರ್ಯಾಸಮಿತಿ ಎನ್ನುವುದು ಇದನ್ನೇ. ಮುಂದೆ ಕೋವಲನ ವಧೆಯ ವಾರ್ತೆ ಕೇಳಿ ಉಪವಾಸವ್ರತದಿಂದ ದೇಹವನ್ನು ತ್ಯಜಿಸುತ್ತಾಳೆ.

ವರ್ತಕರ ಮಾಳಿಗೆಗಳು ಅಳಿದವು. ಬಸವನಹುಳುವಿಗಾಗಿ ತಡೆದ ಆ ಹೆಜ್ಜೆಯು ಓಲೆಗರಿಗಳಲ್ಲಿ ಉಳಿಯಿತು. ಯಾರೋ ಪ್ರತಿಮಾಡಿ, ಯಾರೋ ಕಾಪಾಡಿದ ಆ ಗರಿಗಳನ್ನು ಪರಿಶೋಧಿಸಿ ಉ. ವೇ. ಸ್ವಾಮಿನಾಥ ಅಯ್ಯರ್ 1892ರಲ್ಲಿ ಕಾವ್ಯವನ್ನು ಪ್ರಕಟಿಸಿದರು. ಬಸದಿಗಳ ಜೀರ್ಣೋದ್ಧಾರಕ್ಕೆ ನಿಧಿ ಕೂಡಿಸುವ ಧರ್ಮಬಂಧುಗಳು ಶಾಸ್ತ್ರಭಂಡಾರದ ಓಲೆಗಳಿಗೂ ಅದರಲ್ಲೊಂದು ಪಾಲನ್ನು ತೆಗೆದಿರಿಸಬೇಕು. ಗೆದ್ದಲು ಹಿಡಿದ ಒಂದು ಕಟ್ಟಿನೊಳಗೆ ಇನ್ನೊಂದು ಪುಹಾರ್ ಮುಳುಗುತ್ತಿರಬಹುದು.