ಗಂಟೆಗೊಂದು ಸೆಂಟಿಮೀಟರ್

1887ರಲ್ಲಿ ನಮ್ಮ ಪುಣೆಯಲ್ಲೇ ಕಣ್ಮುಚ್ಚಿದ ಡಾ. ಆನಂದಿಬಾಯಿ ಜೋಶಿಯವರು ಅಮೆರಿಕದಲ್ಲಿ ಬರೆದ ಪ್ರಬಂಧ ಪ್ರಸೂತಿಯನ್ನು ಕುರಿತದ್ದು. ಹೆರಿಗೆಯ ಗತಿಯನ್ನು ರೇಖೆಯಾಗಿಸಿದವರು, 1954ರಲ್ಲಿ, ನ್ಯೂಯಾರ್ಕಿನ ಫ್ರೀಡ್ಮನ್. 1972ರಲ್ಲಿ ರೊಡೇಷಿಯಾದ ಫಿಲ್ಪಾಟ್ ಮತ್ತು ಕ್ಯಾಸಲ್ ಎಚ್ಚರಿಕೆಯ ಗೆರೆಯೊಂದನ್ನು ಸೇರಿಸಿದರು: ಗರ್ಭಕೊರಳು ಗಂಟೆಗೊಂದು ಸೆಂಟಿಮೀಟರ್ ತೆರೆಯಬೇಕು. ದೂರದ ಸೂಲಗಿತ್ತಿಯರು ಗರ್ಭಿಣಿಯನ್ನು ಸಕಾಲಕ್ಕೆ ದೊಡ್ಡಾಸ್ಪತ್ರೆಗೆ ಕಳುಹಲೆಂದು ಎಳೆದ ಗೆರೆಯದು. ತಾಳ್ಮೆಗೆಟ್ಟ ಕೈಗಳಲ್ಲಿ ಅದೇ ಶಸ್ತ್ರಕ್ರಿಯೆಗೆ ನೆಪವಾಯಿತೆಂದು ನಾವು ಭಾವಿಸುತ್ತೇವೆ. ತಾಯಿ-ಮಗು ಕ್ಷೇಮವಿದ್ದರೆ ಈ ವೇಗವನ್ನು ಎಲ್ಲರಿಂದ ನಿರೀಕ್ಷಿಸಲಾಗದು, 5 ಸೆಂಟಿಮೀಟರಿಗೆ ಮುನ್ನ ಅವಸರಿಸಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2018ರಲ್ಲಿ. ಅದರಂತೆ 2020ರಲ್ಲಿ ಬಂದ ಹೊಸ ದಾಖಲೆಪತ್ರವನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರೂ ಸೇರಿ ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ಚೊಚ್ಚಲು ಹೆರಿಗೆಗಳಲ್ಲಿ ಸಿಸೇರಿಯನ್ ತುಸು ಇಳಿಯಿತು, ಸಂಖ್ಯಾಶಾಸ್ತ್ರ ಒಪ್ಪುವಷ್ಟಲ್ಲ.