ಅರಿವು ಮತ್ತು ಅರಿವೆ: ಮುದನೂರಿನ ಮಗ್ಗದಿಂದ ಮೂಡಿದ ಕಾಯಕದರ್ಶನ

ಅಂತರಂಗಕ್ಕೆ ಅರಿವು, ಬಹಿರಂಗಕ್ಕೆ ಅರಿವೆ. ಇವೆರಡನ್ನೂ ಒಂದೇ ಮಗ್ಗದಲ್ಲಿ ನೇಯ್ದ ಮಹಾನುಭಾವರು ಆದ್ಯ ವಚನಕಾರರಲ್ಲಿ ಒಬ್ಬರಾದ ಜೇಡರ ದಾಸಿಮಯ್ಯನವರು. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮುದನೂರು ಅವರ ಜನ್ಮಸ್ಥಳ. ಅಲ್ಲಿನ ರಾಮನಾಥನ ಹೆಸರೇ ಅವರ ವಚನಗಳ ಅಂಕಿತ. ‘ಜೇಡ’ನೆಂದರೆ ನೇಕಾರ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬರೇ ಅಥವಾ ಇಬ್ಬರೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ನೇಯ್ಗೆಯೇ ಅವರ ಕಾಯಕವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆ ಕಾಯಕಕ್ಕೆ ನೆಲದ ಬೆಂಬಲವೂ ಇತ್ತು. ಭೀಮಾ-ಕೃಷ್ಣೆಯರ ನಡುವೆ ವಡಗೇರಾ, ಶಹಾಪುರ, ಸುರಪುರಗಳಲ್ಲಿ ಹರಡಿರುವ ಎರೆಭೂಮಿ ಇಂದಿಗೂ ಹತ್ತಿಯ ಬೆಳೆಗೆ ಹೆಸರಾಗಿದೆ. ನಮ್ಮ ನಾಡಿಗೆ ಹತ್ತಿಬಟ್ಟೆ ಹೊಸದಲ್ಲ. 1920ರ ದಶಕದ ಉತ್ಖನನದಲ್ಲಿ ಮೊಹೆಂಜೊದಾರೊದ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡಿದ್ದ ಹತ್ತಿಬಟ್ಟೆಯ ತುಣುಕು ದೊರೆಯಿತು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಇಲ್ಲಿನವರು ನೂಲು ತೆಗೆದು ನೇಯುತ್ತಿದ್ದರೆಂಬುದಕ್ಕೆ ಅದು ಸಾಕ್ಷಿ.

ಬಟ್ಟೆ ಎಷ್ಟೇ ಬೆಲೆಬಾಳಲಿ, ಅದರ ಮೂಲ ಎರಡೇ ಎಳೆ. ಉದ್ದಕ್ಕೆ ಬಿಗಿದು ನಿಲ್ಲುವುದು ಹಾಸು. ಅಡ್ಡಡ್ಡವಾಗಿ ಸಾಗುವುದು ಹೊಕ್ಕು. ನೇಕಾರನು ಕುಣಿಮಗ್ಗದ ಕುಳಿಯಲ್ಲಿ ಕಾಲಿಳಿಬಿಟ್ಟು ಕುಳಿತು ತುಳಿಗೋಲನ್ನು ಒತ್ತಿದಾಗ ಹಾಸಿನ ಎಳೆಗಳು ಮೇಲೆ ಕೆಳಗೆ ಬೇರ್ಪಡುತ್ತವೆ. ಆ ಸಂದಿಯಲ್ಲಿ ಲಾಳಿ ಹಾಯುತ್ತದೆ. ಅದರೊಳಗಿನ ಕಂಡಿಕೆಯಿಂದ ನೂಲು ಬಿಚ್ಚುತ್ತದೆ, ಹಣಿಗೆ ಅದನ್ನು ಬಡಿದು ಸೇರಿಸುತ್ತದೆ.

ಎಳೆಗಳು ದಾಟುವ ಕ್ರಮಕ್ಕೆ ತಕ್ಕಂತೆ ನೇಯ್ಗೆಯಲ್ಲಿ ಮೂರು ಮೂಲಬಗೆಗಳಿವೆ. ಒಂದು ಎಳೆಯ ಮೇಲೆ, ಒಂದರ ಕೆಳಗೆ ಸಾಗುವುದು ಸಾದಾ ನೇಯ್ಗೆ. ಧೋತರ, ಖಾದಿಗಳು ಸಾಮಾನ್ಯವಾಗಿ ಈ ಬಗೆಯವು. ಎರಡು ಎಳೆಗಳನ್ನು ದಾಟಿ ಒಂದರ ಕೆಳಗೆ ನುಸುಳಿ, ಪ್ರತಿ ಸಾಲಿನಲ್ಲೂ ಒಂದೊಂದು ಎಳೆ ಪಕ್ಕಕ್ಕೆ ಸರಿದರೆ ಓರೆಗೆರೆ ಮೂಡುವುದು. ಇದು ಓರೆ ನೇಯ್ಗೆ. ಜೀನ್ಸ್ ಬಟ್ಟೆಯಲ್ಲಿ ಇದನ್ನು ಕಾಣಬಹುದು. ನಾಲ್ಕು ಅಥವಾ ಹೆಚ್ಚು ಎಳೆಗಳ ಮೇಲೆ ತೇಲಿ ಒಂದರ ಕೆಳಗೆ ಇಳಿಯುವುದು ಸ್ಯಾಟಿನ್ ನೇಯ್ಗೆ. ಅದಕ್ಕೆ ನುಣುಪು, ಹೊಳಪು ಹೆಚ್ಚು. ಆದರೆ ತೇಲುವ ಎಳೆ ಬೇಗ ಸಿಕ್ಕಿಕೊಳ್ಳುತ್ತದೆ.

ಈ ಮೂಲಗಳ ಮೇಲೆ ಕನ್ನಡದ ನೇಕಾರರು ತಮ್ಮದೇ ಜಾಣ್ಮೆಯನ್ನು ಬೆಳೆಸಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನು ಸೆರಗಿನ ರೇಷ್ಮೆಯ ಹಾಸಿಗೆ ಕುಣಿಕೆಗಳಿಂದ ಕೂಡಿಸುತ್ತಾರೆ. ಗುಳೇದಗುಡ್ಡದ ಖಣವು ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಕುಪ್ಪಸಕ್ಕೆ ಮೆರುಗು ಕೊಟ್ಟಿತು. ಇವೆರಡೂ ಭೌಗೋಳಿಕ ಗುರುತನ್ನು ಪಡೆದಿವೆ.

ದಾಸಿಮಯ್ಯನವರು ಲಾಳಿ, ಕಂಡಿಕೆಗಳನ್ನೇ ವಚನದ ಪರಿಭಾಷೆಯನ್ನಾಗಿಸಿದರು. ಅವರು ಬಹುಕಾಲ ಶ್ರಮಿಸಿ ನೇಯ್ದ ವಸ್ತ್ರವನ್ನು ಶಿವನು ಮುದುಕನ ರೂಪದಲ್ಲಿ ಬಂದು ಬೇಡಿದನೆಂದೂ, ಪಡೆದು ಕಣ್ಣೆದುರೇ ಹರಿದನೆಂದೂ, ಶರಣರು ಕೋಪಿಸಿಕೊಳ್ಳಲಿಲ್ಲವೆಂದೂ ಐತಿಹ್ಯ ಹೇಳುತ್ತದೆ. ಆಮೇಲೆ ಶಿವನು ಒಲಿದು ತವನಿಧಿಯನ್ನು ಕೊಟ್ಟನಂತೆ. ಶ್ರಮ ತನ್ನದು, ಫಲ ತನ್ನದಲ್ಲ ಎಂಬುದೇ ಈ ಕಥೆಯ ತಿರುಳು. ಬಸವಣ್ಣನವರೂ ತಮ್ಮ ವಚನಗಳಲ್ಲಿ ದಾಸಿಮಯ್ಯನವರನ್ನು ಗೌರವದಿಂದ ನೆನೆದಿದ್ದಾರೆ. ಕದಿರ ರೆಮ್ಮವ್ವೆ ನೂಲುವ ಕದಿರಿನಲ್ಲಿಯೇ ತತ್ತ್ವವನ್ನು ಕಂಡರು.

ಮುಂದೆ ಕಾಲ ಬದಲಾಯಿತು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುವ ಲಾಳಿಯನ್ನು ರೂಪಿಸಿದನು. ಬಳಿಕ ಬಂದ ಯಂತ್ರಮಗ್ಗಗಳ ಅಗ್ಗದ ಬಟ್ಟೆ ನಮ್ಮ ನೇಕಾರರ ಅನ್ನವನ್ನು ಕಸಿಯಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿ ಬಂದರೂ ಇಳಿಮುಖ ನಿಲ್ಲಲಿಲ್ಲ. 2009-10ರ ಗಣತಿಯಲ್ಲಿ ದೇಶದ ಕೈಮಗ್ಗ ಕೆಲಸಗಾರರು ಸುಮಾರು 43 ಲಕ್ಷ. 2019-20ರಲ್ಲಿ ಸುಮಾರು 35 ಲಕ್ಷ.

ಕಾಯಕವೇ ಕೈಲಾಸವೆಂದು ನುಡಿಯುವುದು ಸುಲಭ. ಆದರೆ ಕಾಯಕ ಮಾಡಿದವನಿಗೆ ತಕ್ಕ ಬೆಲೆ ದೊರೆಯದಿದ್ದರೆ ಆ ನುಡಿ ಬರಿದಾಗುತ್ತದೆ. ಹಬ್ಬಕ್ಕೆ, ಮದುವೆಗೆ, ದಾಸೋಹದ ಕಾಣಿಕೆಗೆ ಕೈಮಗ್ಗದ ಒಂದು ಅರಿವೆಯನ್ನು ಚೌಕಾಸಿ ಮಾಡದೆ ಕೊಂಡರೆ, ಅದು ದಾಸಿಮಯ್ಯನವರ ಮಗ್ಗಕ್ಕೆ ಸಲ್ಲಿಸುವ ನಿಜವಾದ ಶರಣು.