ಮೂತ್ರಪಿಂಡ ರೋಗಿಗಳ ಆಹಾರದಲ್ಲಿ ಸಸ್ಯಜನ್ಯ ಹಾಲು

ಸಸ್ಯಜನ್ಯ ಹಾಲು ಎಂದರೆ ತೆಂಗಿನಕಾಯಿ, ಸೋಯಾ, ಬಾದಾಮಿ, ಅಕ್ಕಿ ಮೊದಲಾದವನ್ನು ನೀರಿನೊಡನೆ ಅರೆದು ಸೋಸಿ ಪಡೆಯುವ ದ್ರವ. ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆಯು ಮುಂದುವರಿದಂತೆ ಪೊಟ್ಯಾಸಿಯಮ್ ಮತ್ತು ರಂಜಕ ರಕ್ತದಲ್ಲಿಯೇ ಉಳಿಯತೊಡಗುತ್ತವೆ. ಪೊಟ್ಯಾಸಿಯಮ್ ಮಿತಿಮೀರಿದರೆ ಹೃದಯಬಡಿತ ಏರುಪೇರಾಗಬಹುದು. ರಂಜಕ ಹೆಚ್ಚಿದರೆ ಮೂಳೆಗಳು ದುರ್ಬಲಗೊಳ್ಳುತ್ತವೆ.

ಹೋಲಿಕೆ

100 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 150 ಮಿ.ಗ್ರಾಂ ಪೊಟ್ಯಾಸಿಯಮ್ ಮತ್ತು 90 ಮಿ.ಗ್ರಾಂ ರಂಜಕ ಇರುತ್ತವೆ. ಲವಣ ಬೆರೆಸದ ಅಕ್ಕಿ ಹಾಲಿನಲ್ಲಿಯೂ ತೆಳು ಬಾದಾಮಿ ಹಾಲಿನಲ್ಲಿಯೂ ಇವು ಕಡಿಮೆ. ಆದರೆ ಪ್ರೋಟೀನ್ ಸಹ ಕಡಿಮೆ. ಡಯಾಲಿಸಿಸ್ ಪಡೆಯುವವರಿಗೆ ಹೆಚ್ಚು ಪ್ರೋಟೀನ್ ಬೇಕಾಗುವುದರಿಂದ ಅದನ್ನು ಬೇರೆ ಆಹಾರದಿಂದ ತುಂಬಿಕೊಳ್ಳಬೇಕಾಗುತ್ತದೆ. ಸೋಯಾ ಹಾಲು ಪ್ರೋಟೀನಿನಲ್ಲಿ ಹಸುವಿನ ಹಾಲಿಗೆ ಸಮೀಪವಾಗಿದ್ದು, ಅದರಲ್ಲಿ ಪೊಟ್ಯಾಸಿಯಮ್ ಸಹ ಗಣನೀಯವಾಗಿರುತ್ತದೆ.

ಕಾಯಿಹಾಲು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳಲ್ಲಿ ತೆಂಗು ಬೆಳೆಯಲಾಗುತ್ತದೆ. ಇಲ್ಲಿನ ಮನೆಗಳಲ್ಲಿ ಪರಿಚಿತವಾದ ಸಸ್ಯಜನ್ಯ ಹಾಲೆಂದರೆ ಒತ್ತುಶಾವಿಗೆಯೊಡನೆ ಬಡಿಸುವ ಕಾಯಿಹಾಲು. ಪೊಟ್ಟಣದಲ್ಲಿ ದೊರೆಯುವ ತೆಳು ತೆಂಗಿನ ಪಾನೀಯಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. 100 ಗ್ರಾಂ ಗಟ್ಟಿ ಕಾಯಿಹಾಲಿನಲ್ಲಿ 200 ಮಿ.ಗ್ರಾಂಗಿಂತ ಹೆಚ್ಚು ಪೊಟ್ಯಾಸಿಯಮ್ ಇರುತ್ತದೆ. ಬೆರೆಸುವ ಬೆಲ್ಲದಿಂದ ಅದು ಇನ್ನಷ್ಟು ಹೆಚ್ಚುತ್ತದೆ. ಆದುದರಿಂದ ಹಸುವಿನ ಹಾಲನ್ನು ಬಿಟ್ಟು ಕಾಯಿಹಾಲು ಕುಡಿದರೆ ಪೊಟ್ಯಾಸಿಯಮ್ ತಗ್ಗುವುದಿಲ್ಲ.

ಎಚ್ಚರಿಕೆ

ಸಸ್ಯಗಳಲ್ಲಿ ಸಹಜವಾಗಿರುವ ರಂಜಕದ ಒಂದು ಭಾಗವನ್ನಷ್ಟೇ ದೇಹ ಹೀರಿಕೊಳ್ಳುತ್ತದೆ. ಪೊಟ್ಟಣದ ಹಾಲಿಗೆ ಬೆರೆಸಿದ ಫಾಸ್ಫೇಟ್ ಲವಣಗಳಾದರೋ ಬಹುಪಾಲು ರಕ್ತವನ್ನು ಸೇರುತ್ತವೆ. ಆದ್ದರಿಂದ ಕೊಳ್ಳುವ ಮುನ್ನ ಘಟಕಗಳ ಪಟ್ಟಿಯನ್ನು ಓದುವುದು ಅಗತ್ಯ. ನೀರಿನ ಮಿತಿಯಿರುವವರು ಈ ಹಾಲನ್ನೂ ದಿನದ ದ್ರವದ ಲೆಕ್ಕಕ್ಕೆ ಸೇರಿಸಬೇಕು. ಯಾವ ಹಾಲು, ಎಷ್ಟು ಎಂಬುದನ್ನು ರಕ್ತಪರೀಕ್ಷೆಯ ಫಲಿತಾಂಶದ ಆಧಾರದ ಮೇಲೆ ವೈದ್ಯರು ಅಥವಾ ಆಹಾರತಜ್ಞರು ನಿರ್ಧರಿಸುತ್ತಾರೆ.